ಮುನ್ನಿಯ ಕೊನೆಯ ಮರಿಗಳು

ಬಿಸಿನೀರಿಗೆ ಹಾಲಿನ ಪುಡಿ ಕಲಸುವ ವಾಸನೆ ಬಂದರೆ ನನಗೆ ಈಗಲೂ ನಾವು ಆಗ ಇದ್ದ ಗಲ್ಫ್ ಊರು ಅಲ್ ಮಬೇಲಾದ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಬೆಕ್ಕು ಮುನ್ನಿ ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಿ ಎಲುಬಿನ ಗೂಡಾಗಿತ್ತು. ಇನ್ನು ಮರಿ ಆಗದ ಹಾಗೆ ಆಪರೇಷನ್ ಮಾಡಿಸುವಾ ಎಂದು ಉಮ್ಮ ಹೇಳಿದಾಗಲೆಲ್ಲ ಬಾಪ ಹೇಳುತ್ತಿದ್ದದ್ದು ಒಂದೇ ಮಾತು: “ಮೂಕಪ್ರಾಣಿಗೆ ಕತ್ತಿ ಹಾಕುವುದು ಪಾಪ.”

ಆ ದಿನ ನಾನು ಶಾಲೆಯಿಂದ ಬಂದಾಗ ಮುನ್ನಿ ನೀರಿನ ಟ್ಯಾಂಕಿನ ನೆರಳಲ್ಲಿ ಸತ್ತು ಬಿದ್ದಿತ್ತು. ಕಣ್ಣು ತೆರೆಯದ ಮರಿಗಳು ಇನ್ನೂ ಅದರ ಹೊಟ್ಟೆಗೆ ಬಾಯಿಟ್ಟು ಚೀಪುತ್ತಿದ್ದವು. ಉಮ್ಮ ಅವನ್ನು ಬಿಡಿಸಿ ತಂದು, ನನ್ನ ಹಳೆಯ ಯೂನಿಫಾರ್ಮಿನ ಮೇಲೆ ಮಲಗಿಸಿ, ಹತ್ತಿಯನ್ನು ಪುಡಿ ಹಾಲಿಗೆ ಅದ್ದಿ ಬಾಯಿಗೆ ಹಿಂಡಿದರು. ಹಾಲು ಗಲ್ಲದಿಂದ ಇಳಿದುಹೋಯಿತು. ಮರಿಗಳು ಒಂದೊಂದಾಗಿ ತಣ್ಣಗಾದವು.

ಅಂಗಡಿಯಿಂದ ಊಟಕ್ಕೆ ಬಂದ ಬಾಪ ಅಲ್ಲೇ ನೆಲದಲ್ಲಿ ಕುಳಿತರು. ಆಗ ಉಳಿದಿದ್ದದ್ದು ಒಂದೇ ಮರಿ.

“ಹೆಣ್ಣಾ?” ಎಂದು ಕೇಳಿದರು.

“ಹೌದು,” ಎಂದರು ಉಮ್ಮ.

ಬಾಪ ಅದರ ಬೆನ್ನನ್ನು ಒಂದು ಬೆರಳಿನಿಂದ ಸವರಿದರು. “ದೊಡ್ಡದಾದ ಮೇಲೆ ಇದಕ್ಕೆ ಆಪರೇಷನ್ ಮಾಡಿಸುವಾ.”

ಉಮ್ಮ ಹತ್ತಿಯನ್ನು ಮತ್ತೆ ಹಾಲಿಗೆ ಅದ್ದಿದರು. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೇಳುವಷ್ಟರಲ್ಲಿ ಆ ಮರಿಯೂ ಹೋಗಿತ್ತು.