ಪಿಳ್ಳಪ್ಪನ ಬ್ರೇಕ್ ಲೈಟು

“ಹತ್ತಿತೇನ್ರೀ?” ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತು ಬ್ರೇಕು ತುಳಿದು ಹಿಡಿದಿದ್ದ ಮೆಕ್ಯಾನಿಕ್ ಮುರಿಗೆಪ್ಪ ಕೂಗಿದ.

ಟ್ರೈಲರಿನ ಹಿಂದೆ ನಿಂತಿದ್ದ ಪಿಳ್ಳಪ್ಪನ ಮೂಗಿನಿಂದ ಎರಡು ಗೇಣು ದೂರದಲ್ಲಿ ಎರಡೂ ದೀಪಗಳು ಕೆಂಪಗೆ, ಒಂದಿಷ್ಟೂ ಕೊರತೆಯಿಲ್ಲದೆ ಉರಿಯುತ್ತಿದ್ದವು. ಅವನು ಬಗ್ಗಿ ಅವನ್ನು ಚೆನ್ನಾಗಿ ನೋಡಿದ. “ಇಲ್ಲ ಸ್ವಾಮಿ,” ಅಂದ.

ಇದೆಲ್ಲ ಶುರುವಾದದ್ದು ಒಂದು ರಿಜಿಸ್ಟರ್ಡ್ ಕಾಗದದಿಂದ. ನಾವು ಮಾರಿದ ಟ್ರೈಲರುಗಳ ಬ್ರೇಕ್ ಲೈಟಿನ ವೈರಿನಲ್ಲಿ ದೋಷವಿದೆ, ಅಪಾಯವಾದೀತು, ನಮ್ಮ ಮೆಕ್ಯಾನಿಕ್ ಬಂದು ಪುಕ್ಕಟೆ ಸರಿಮಾಡಿಕೊಡುತ್ತಾನೆ ಎಂದು ಕಂಪನಿ ಬರೆದಿತ್ತು. ಮಾರಿದವನೇ ತನ್ನ ಮಾಲು ಸರಿಯಿಲ್ಲವೆಂದು ಒಪ್ಪಿಕೊಳ್ಳುವುದನ್ನು ಅಬ್ಬಿಗೆರೆ ಎಂಬತ್ತಮೂರನೇ ಇಸವಿಯವರೆಗೂ ಕಂಡಿರಲಿಲ್ಲ. ಓದಿಸಿ ಕೇಳಿದವರೆಲ್ಲ ಇದರಲ್ಲೇನೋ ಮೋಸವಿದೆ ಎಂದೇ ತೀರ್ಮಾನಿಸಿದರು. ಆದರೆ ಆ ಕಾಗದದಿಂದ ನಷ್ಟವಾದದ್ದು ಪಿಳ್ಳಪ್ಪ ಒಬ್ಬನಿಗೇ.

ಏಕೆಂದರೆ ಮೂರು ವರ್ಷದಿಂದ ಆ ಟ್ರೈಲರಿನ ಬ್ರೇಕ್ ಲೈಟು ಅವನೇ. ಅಬ್ಬಿಗೆರೆಯ ಗೂಡಿನಿಂದ ಸಹಕಾರನಗರದ ಹೊಸ ಮನೆಗಳಿಗೆ ಇಟ್ಟಿಗೆ ಹೋಗುವಾಗ ಹಿಂದಿನ ಹಲಗೆಯ ಮೇಲೆ ಕೂತು, ಟ್ರ್ಯಾಕ್ಟರು ನಿಧಾನವಾದ ಕೂಡಲೇ ಕೆಂಪು ಟವೆಲ್ ಬೀಸಿ “ನಿಂತ್ಕತದೆ, ನಿಂತ್ಕತದೆ!” ಎಂದು ಅರಚುವುದು ಅವನ ಕೆಲಸ. ಮಂಡಿ ಕೆಟ್ಟು ಇಟ್ಟಿಗೆ ಹೊರಲಾಗದವನಿಗೆ ಯಜಮಾನ ರಾಮಕೃಷ್ಣಪ್ಪ ಕೊಟ್ಟಿದ್ದ ಕೂಲಿ ಅದು. ಬಿಟಿಎಸ್ ಬಸ್ಸುಗಳು, ಸಿಮೆಂಟ್ ಲಾರಿಗಳು, ಒಮ್ಮೆ ಪೊಲೀಸ್ ಜೀಪು ಕೂಡ ಆ ಟವೆಲಿಗೆ ನಿಂತಿದ್ದವು. ಊರೊಳಗೆ ಅವನ ಮಾತಿಗೆ ನಾಯಿಯೂ ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ವಿಷಯ. ನಿನ್ನೆ ಸಂಜೆ ರಾಮಕೃಷ್ಣಪ್ಪ ಬಾಯಲ್ಲಿದ್ದ ಎಲೆಅಡಿಕೆ ಉಗಿದು, “ಲೈಟ್ ಬಂದ್ಮ್ಯಾಕೆ ನೀನ್ಯಾಕ್ಲಾ? ನಾಳಿದ್ದಿಂದ ಬರಬ್ಯಾಡ,” ಅಂದುಬಿಟ್ಟಿದ್ದ.

ಮುರಿಗೆಪ್ಪ ಗದಗದ ಕಡೆಯವನು, ನಿಯತ್ತಿನ ಕೆಲಸಗಾರ. ಇಲ್ಲವೆಂದರೆ ಇಲ್ಲವೆಂದೇ ನಂಬಿ ಬಲ್ಬು ಬದಲಾಯಿಸಿದ, ಆಗ ತಾನೆ ಹಾಕಿದ್ದ ಹೊಸ ವೈರನ್ನು ಕಿತ್ತು ಇನ್ನೂ ಹೊಸದನ್ನು ಹಾಕಿದ, ಬ್ಯಾಟರಿಯನ್ನು ಬೈದ. ತಾನೇ ಇಳಿದು ಹಿಂದೆ ಬಂದು ನೋಡೋಣವೆಂದರೆ ಬ್ರೇಕು ತುಳಿಯುವವರಿಲ್ಲ. ಡ್ರೈವರ್ ಯಜಮಾನನ ಜೊತೆ ಯಲಹಂಕಕ್ಕೆ ಹೋಗಿದ್ದ, ಗಾಡಿ ಓಡದ ದಿನವೆಂದು ಹೆಣ್ಣಾಳುಗಳೂ ಬಂದಿರಲಿಲ್ಲ. ಪೆಡಲಿನ ಮೇಲೆ ಇಟ್ಟಿಗೆ ಹೇರಿದರೆ, ಮುರಿಗೆಪ್ಪ ಇಳಿಯುವ ಮೊದಲೇ ಇಟ್ಟಿಗೆ ಇಳಿದಿರುತ್ತಿತ್ತು.

“ನೀವಽ ಮ್ಯಾಲ ಬಂದು ತುಳೀರಿ, ನಾ ಹಿಂದ ನೋಡ್ತೀನಿ.”

“ಮಂಡಿ ಮಡಚಲ್ಲ ಸ್ವಾಮಿ. ಎಂಗ್ ಮ್ಯಾಕೆ ಬರ್ಲಿ? ದಿನಾ ಈ ಹಲಗೆಗೇ ಇಟ್ಟಿಗೆ ಹೊರೋ ಹೆಣ್ಣಾಳುಗಳು ಎತ್ತಿ ಕೂರುಸ್ತಾರೆ.” ಅಂದು ಅವನು ಆಡಿದ ಒಂದೇ ಒಂದು ನಿಜ ಅದು.

“ಹಂಗಾರ ಕಣ್ಣು ಬಿಟ್ಟು ನೋಡ್ರಿ. ಈಗ?”

“ಊಹೂಂ.”

“ಒಂದೂ ಇಲ್ಲ?”

ಎರಡೂ ಇಲ್ಲವೆಂದರೆ ಅನುಮಾನ ಬಂದೀತೆಂದು ಪಿಳ್ಳಪ್ಪ ಸ್ವಲ್ಪ ಯೋಚಿಸಿದ. “ಎಡಗಡೇದು ವಸಿ ಮಿಣಕ್ ಅಂದಂಗಾಯ್ತು... ಇಲ್ಲ ಬುಡಿ, ನೊಣ.” ಸುಳ್ಳು ಅವನಿಗೆ ರುಚಿಸತೊಡಗಿತ್ತು.

ಬಿಸಿಲು ನೆತ್ತಿಯಿಂದ ಜಾರುವ ಹೊತ್ತಿಗೆ ಮುರಿಗೆಪ್ಪ ಸೋತ. ಕೆಳಗಿಳಿದು ಕೈ ಒರೆಸಿಕೊಂಡ. “ಹೋಗ್ಲಿ ಬಿಡ್ರಿ, ಇದು ನನ್ನ ಕೈಲಾಗೂದಲ್ಲ. ಲೈಟ್ ಹತ್ತದ ಗಾಡಿ ರಸ್ತಾಕ್ಕ ಬಿಡಬಾರ್ದಂತ ರೂಲ್ಸ್ ಐತಿ. ನಾಳೆ ಬಂದು ಟ್ರೈಲರ್ ಫ್ಯಾಕ್ಟರಿಗೆ ಎಳಕೊಂಡು ಹೋಗ್ತೀವಿ.”

“ಟ್ರೈಲರ್ರೇನಾ? ವಾಪಸ್ಸು ಯಾವಾಗ ಸ್ವಾಮಿ?”

“ಎರಡು ತಿಂಗಳೋ, ಮೂರೋ. ದೊಡ್ಡ ಕಂಪನಿ ನೋಡ್ರಿ.”

ಟ್ರೈಲರಿಲ್ಲದಿದ್ದರೆ ಇಟ್ಟಿಗೆ ಹೇರುವ ಆರು ಹೆಂಗಸರಿಗೂ ಕೂಲಿಯಿಲ್ಲ. ಆ ಆರು ಜನರಲ್ಲಿ ಒಬ್ಬಳು ಪಿಳ್ಳಪ್ಪನ ಹೆಂಡತಿ ಸೊಣ್ಣಮ್ಮ. ಕಂಪನಿಗೆ ಅವನು ಹೆದರುತ್ತಿರಲಿಲ್ಲ, ರಾಮಕೃಷ್ಣಪ್ಪನಿಗೂ ಅಷ್ಟಕ್ಕಷ್ಟೆ. ಆದರೆ ಸೊಣ್ಣಮ್ಮ ವಿಚಾರಿಸದೆ ಬಿಡುವವಳಲ್ಲ, ವಿಚಾರಿಸಿದರೆ ಅವನ ಇನ್ನೊಂದು ಮಂಡಿಯೂ ಉಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೂರು ವರ್ಷ ದಿನಾ ಎರಡು ಹೊತ್ತು ತನ್ನನ್ನು ಮಗುವಿನಂತೆ ಎತ್ತಿ ಕೂರಿಸಿದವರ ಅನ್ನಕ್ಕೇ ಕಲ್ಲು ಹಾಕಿದೆನಲ್ಲಾ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ತನ್ನೊಬ್ಬನ ಕೂಲಿ ತಾನೆ, ಹೋದರೆ ಹೋಗಲಿ.

ಮುರಿಗೆಪ್ಪ ಒಂದು ಫಾರಮ್ಮು, ಇಂಕಿನ ಪ್ಯಾಡು ಹಿಡಿದು ಟ್ರೈಲರಿನ ಹಿಂದಕ್ಕೇ ಬಂದ. “ಎರಡೂ ಲೈಟು ಹತ್ತಲಿಲ್ಲ ಅಂತ ಬರದೀನಿ. ನೋಡಿದಾಂವ ನೀವು. ಇಲ್ಲೊಂದು ಹೆಬ್ಬೆಟ್ಟು ಒತ್ರಿ.”

ಪಿಳ್ಳಪ್ಪ ಗಕ್ಕನೆ ದೀಪಗಳ ಕಡೆ ತಿರುಗಿದ. ಎರಡೂ ಕೈ ಮೇಲೆತ್ತಿ, ಜಾಲಹಳ್ಳಿಗೆ ಕೇಳುವಂತೆ ಅರಚಿದ. “ಬಂತು! ಬಂತು ಸ್ವಾಮಿ! ಎರಡೂ ಧಗಧಗ ಉರೀತಾವೆ! ನಮ್ಮವ್ವನಾಣೆಗೂ ಉರೀತಾವೆ!”

ಮುರಿಗೆಪ್ಪ ದೀಪಗಳನ್ನು ನೋಡಿದ. ಎರಡೂ ಆರಿ ತಣ್ಣಗಿದ್ದವು. ಆಮೇಲೆ ಪಕ್ಕಕ್ಕೆ ಬಾಗಿ ಮುಂದಿನ ಟ್ರ್ಯಾಕ್ಟರನ್ನು ನೋಡಿದ. ಖಾಲಿ ಸೀಟಿನ ಮೇಲೆ ಒಂದು ಕಾಗೆ ಕೂತಿತ್ತು.

“ಬ್ರೇಕು,” ಅಂದ ಅವನು ನಿಧಾನವಾಗಿ, “ಆ ಕಾಗಿ ತುಳದೈತೇನ್ರೀ?”