ಬೇರೆ ಬೇರೆ ವಿಳಾಸ

ಮದುವೆಯಾಗಿ ಹದಿನೈದು ವರ್ಷವಾದರೂ ಅವರಿಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ. ಈ ಬೇಸಿಗೆ ರಜೆಗೆ ಮಂಗಳೂರು ಎಂದು ಗಂಡನೇ ತೀರ್ಮಾನಿಸಿದ್ದ. ಇಬ್ಬರೂ ಮೊದಲ ಸಲ, ಒಟ್ಟಿಗೇ, ಕಡಲು ನೋಡಬೇಕೆಂಬುದು ಅವನ ಆಸೆ. ಕೈಗೆಟಕುವ ಲಾಡ್ಜಿಗೆ ಫೋನು ಹಚ್ಚಿದ.

“ನೀವು ಕಳಿಸಿದ ಆಧಾರ್ ನೋಡಿದೆ ಸಾರ್. ಇಬ್ರದ್ದೂ ಬೇರೆ ಬೇರೆ ಅಡ್ರೆಸ್ ಉಂಟಲ್ಲ? ಮದುವೆ ಸರ್ಟಿಫಿಕೇಟ್ ಬೇಕಾಗ್ತದೆ.”

“ಅವಳು ಬಾಣಂತನಕ್ಕೆ ತವರಿಗೆ ಹೋದಾಗ ಮಾಡಿಸಿದ್ದು ಕಣ್ರೀ ಅದು!”

“ಇರ್ಬಹುದು. ಆದ್ರೆ ಬರುವವರೆಲ್ಲ ಹೀಗೇ ಏನಾದ್ರೂ ಕಾರಣ ಹೇಳ್ತಾರಲ್ಲ ಸಾರ್. ಎರಡು ರೂಮ್ ತಗೊಳ್ಳಿ, ತೊಂದ್ರೆ ಇಲ್ಲ.”

“ಹೈಸ್ಕೂಲಿಗೆ ಹೋಗೋ ಮಗ ಇದಾನೆ. ಸಾಕ್ಷಿಗೆ ಅವನನ್ನ ಕರ್ಕೊಂಡ್ ಬರ್ಲಾ?”

ಆ ಕಡೆಯವನು ಫೋನಿಟ್ಟ.

“ಇದು ನಾಲ್ಕನೇ ಲಾಡ್ಜು! ನಾವೇನು ಕದ್ದು ಓಡಿಹೋಗ್ತಿದೀವಾ?” ಗಂಡ ಮೊಬೈಲನ್ನು ಮಂಚದ ಮೇಲೆ ಎಸೆದ.

ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಅವನ ಪಾಡು ನೋಡಿ ಅಯ್ಯೋ ಅನ್ನಿಸಿತು.

“ರೀ, ಮಂಗಳೂರು ಬಸ್‌ ಸ್ಟ್ಯಾಂಡ್ ಹಿಂದೆ ಹಸಿರು ಗೇಟಿಂದು ಒಂದು ಲಾಡ್ಜಿದೆ, ಅಲ್ಲಿ ಕೇಳಿ ನೋಡಿ. ನಾವು ಎರಡು ದಿನ ಇದ್ವಿ, ಮದುವೆ ಆಗಿದೆಯಾ ಅಂತ ಒಬ್ರೂ ಕೇಳ್ಲಿಲ್ಲ.”