ಐದು ಸ್ಪೀಕರುಗಳ ಪಾಠ

ಮನೆಗೆ ಐದು ಸ್ಪೀಕರುಗಳ ಹೋಂ ಥಿಯೇಟರ್ ಬಂದ ದಿನದಿಂದ ಇಂದುಮತಿಯ ಬಾಯಲ್ಲಿ ಅದನ್ನು ಮಾರಿದ ಅಂಗಡಿಯ ದಯಾನಂದನದೇ ಮಾತು. ಸ್ಟೀರಿಯೋ ಅಂದರೇನು, ಸರೌಂಡ್ ಅಂದರೇನು, ಡಿವಿಡಿಗೂ ಬ್ಲೂರೇಗೂ ಏನು ವ್ಯತ್ಯಾಸ ಎಂದು ಅವನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಗಂಡನನ್ನು ಒಂದು ಮಾತೂ ಕೇಳಿರಲಿಲ್ಲ. ವಾಮನಮೂರ್ತಿಗೆ ಹೊಟ್ಟೆ ಉರಿದುಹೋಗುತ್ತಿತ್ತು.

ಭಾನುವಾರ ಅವನು ಅಡುಗೆಮನೆಗೆ ಬಂದಾಗ ಅವಳು ಮತ್ತೆ ಫೋನಿನಲ್ಲಿದ್ದಳು. ಅವನನ್ನು ಕಂಡ ಕೂಡಲೇ ಇಟ್ಟುಬಿಟ್ಟಳು.

"ಮತ್ತೆ ಅವನೇನಾ?"

"ಹೂಂ ರೀ, ದಯಾನಂದ."

"ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ಅವನೊಬ್ಬನೇ ಜಾಣ, ನಾನು ದಡ್ಡ, ಅಲ್ವಾ? ಅಂಥಾದ್ದೇನು ಗುಟ್ಟು ನಿಮ್ಮಿಬ್ಬರದ್ದು?"

ಇಂದುಮತಿ ಒಲೆ ಆರಿಸಿದಳು. ಆಮೇಲೆ ಅವನ ಬಲಗಡೆಗೆ ಬಂದು ಹೇಳಿದಳು:

"ನಿಮ್ಮ ಎಡಗಿವಿ ಪೂರ್ತಿ ಹೋಗಿರೋದನ್ನ ನೀವು ನನ್ನಿಂದ ಮುಚ್ಚಿಟ್ಟು ಎರಡು ವರ್ಷ ಆಯ್ತು. ಎಲ್ಲ ಶಬ್ದಾನೂ ಬಲಗಡೆ ಸ್ಪೀಕರಲ್ಲೇ ಬರೋ ಹಾಗೆ ಮಾಡೋದು ಹೇಗೆ ಅಂತ ಕೇಳ್ತಿದ್ದೆ."